ಅಣ್ಣ ನೋಡಿದ ಮುಗಿಲು

ನಾಸಿಕ್ ಬಳಿಯ ನಿಫಾಡಿನಲ್ಲಿ ಒಂದು ದ್ರಾಕ್ಷಿ ತೋಟಕ್ಕೆ ನಾವು ಬೀದರ್ ಕಡೆಯ ಹತ್ತು ಜನ ಕೆಲಸಕ್ಕೆ ಹೋಗುತ್ತಿದ್ದೆವು. ಮಾಲಕ ಛತ್ರಪತಿ ಸಂಭಾಜಿನಗರದ ಹತ್ತಿರ, ದೌಲತಾಬಾದಿನಲ್ಲಿ ಇನ್ನೊಂದು ತೋಟ ಹಾಕಿದ್ದ. ಅಲ್ಲಿನ ಆಳುಗಳನ್ನು ನೋಡಿಕೊಳ್ಳಲು ನಮ್ಮಲ್ಲೊಬ್ಬನನ್ನು ಮುಕಾದಮ ಮಾಡುವವನಿದ್ದ. ಆ ಜಾಗ ನನಗೆ ಬೇಕಿತ್ತು. ಕತ್ತರಿ ಹಿಡಿದರೆ ನನ್ನಷ್ಟು ಬೇಗ ಸಾಲು ಮುಗಿಸುವವರು ಇರಲಿಲ್ಲ. ಆದರೆ ಮಾಲಕ ದಿನಾ ಬೆಳಿಗ್ಗೆ ಮಾತಾಡಿಸುತ್ತಿದ್ದದ್ದು ನನ್ನ ದೊಡ್ಡಪ್ಪನ ಮಗ, ಅಣ್ಣನನ್ನು.

"ಕಾಯ್ ರೇ, ಆಜ್ ವೀಜ್ ಪಡೇಲ್ ಕಾ?"

ಇವತ್ತು ಸಿಡಿಲು ಬೀಳುತ್ತದಾ ಅಂತ. ಬಳ್ಳಿ ಹಬ್ಬಿಸಲು ಕಬ್ಬಿಣದ ಕಂಬ, ಸಾಲಿನುದ್ದಕ್ಕೂ ತಂತಿ. ಒಂದು ತುದಿಗೆ ಬಡಿದರೆ ಇನ್ನೊಂದು ತುದಿಯಲ್ಲಿ ತಂತಿ ಹಿಡಿದವನೂ ಸಾಯಬಹುದು. ಅಣ್ಣ ಮುಗಿಲು ನೋಡಿ ಬೇಡ ಅಂದರೆ ಕೆಲಸ ನಿಲ್ಲುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಅವನೇನು ನನಗಿಂತ ಹೆಚ್ಚು ಓದಿದವನಲ್ಲ.

ಮೇ ತಿಂಗಳು. ಹಿಂದಿನ ದಿನ ಮಳೆ ಬಿದ್ದು ನೆಲ ಹಸಿಯಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ಇಲ್ಲ, ಬೆವರು ಆರುತ್ತಿಲ್ಲ. ಮಧ್ಯಾಹ್ನ ಒಂದು ಮೋಡ ಹೂಕೋಸಿನ ಹಾಗೆ ಮೇಲಕ್ಕೆ ಬೆಳೆಯತೊಡಗಿತು.

"ಇದು ಸಿಡಿಲಿನ ಮೋಡ ಅದರಿ," ಅಂದ ಅಣ್ಣ ಎಲ್ಲರಿಗೂ. "ನೆಲದ ಹಸಿ ಕಾದು ಮ್ಯಾಲ ಹೊಂಟದ. ಮ್ಯಾಲ ಭಾಳ ಥಂಡಿ. ಅಲ್ಲಿ ಬರ್ಫ ಒಂದಕ್ಕೊಂದು ತಿಕ್ಕಿ ಕರೆಂಟ್ ಆಗ್ತದ. ಮೋಡದ ತಲಿ ಚಪ್ಪಟಿ ಆತಂದ್ರ ಸಾಲಿನಾಗ ನಿಂದರಬ್ಯಾಡ್ರಿ."

"ಒಳಗ ಹೋಗಿ ನೋಡಿ ಬಂದಿಯೇನ?" ಅಂದೆ.

"ಇಲ್ಲೋ ತಮ್ಮಾ, ಮೊಬೈಲ್‌ನಾಗ ನೋಡೀನಿ. ನೀನೂ ನೋಡು, ಬರೇ ರೀಲ್ಸ್ ನೋಡಬ್ಯಾಡ."

ಎಲ್ಲರೂ ನಕ್ಕರು.

ಸ್ವಲ್ಪ ಹೊತ್ತಿಗೆ ಮೋಡದ ತಲೆ ಚಪ್ಪಟೆಯಾಗಿ ಹರಡಿತು. ಒಮ್ಮೆಲೇ ತಣ್ಣನೆ ಗಾಳಿ ಬೀಸಿತು. ಎಲ್ಲರೂ ಮಾಲಕನ ಮನೆಯೊಳಗೆ ಹೋದರು. ನಾನು ಹೋಗಲಿಲ್ಲ. ಮಾಲಕ ಬಾಗಿಲಲ್ಲಿ ನಿಂತಿದ್ದ. ಅಣ್ಣ ಹೆದರಿಸುತ್ತಾನೆ, ನಾನು ಕೆಲಸ ಮಾಡುತ್ತೇನೆ ಅಂತ ಮಾಲಕ ನೋಡಲಿ ಅಂದುಕೊಂಡೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದೇ ಧೈರ್ಯ.

ಅಣ್ಣ ಓಡಿ ಬಂದು ನನ್ನ ಕಾಲರ್ ಹಿಡಿದು ಎಳೆದ.

"ಸಾಯೂದಿದ್ರ ಊರಿಗೆ ಹೋಗಿ ಸಾಯಿ. ನಮ್ಮವ್ವಗ ನಾ ಏನ್ ಹೇಳಲಿ? ನಿಮ್ಮವ್ವಗ ಏನ್ ಹೇಳಲಿ?"

ನಾವು ಬಾಗಿಲು ದಾಟಿದ್ದೆವು ಅಷ್ಟೇ, ನನ್ನ ಸಾಲಿನ ತುದಿಯ ಕಂಬಕ್ಕೆ ಸಿಡಿಲು ಬಡಿಯಿತು. ಕಿವಿ ಮುಚ್ಚಿಹೋಯಿತು. ಮಳೆ ನಿಂತ ಮೇಲೆ ನೋಡಿದರೆ ತಂತಿಯ ಉದ್ದಕ್ಕೂ ಎಲೆಗಳು ಸುಟ್ಟಿದ್ದವು. ಆಗ ನನ್ನ ತಲೆಗೆ ಬಂದದ್ದು ಬದುಕಿದೆ ಅಂತಲ್ಲ, ಅಣ್ಣ ನನ್ನನ್ನು ಎಳೆದು ತಂದದ್ದನ್ನು ಮಾಲಕ ನೋಡಿಬಿಟ್ಟ ಅಂತ.

ಅಂದೇ ಮಾಲಕ ಅಣ್ಣನನ್ನು ಮುಕಾದಮ ಮಾಡಿದ.

ಅವನ ಕೈಕೆಳಗೇ ದೌಲತಾಬಾದಿಗೆ ಹೋದೆ, ಬೇರೆ ಕೆಲಸ ಇರಲಿಲ್ಲ. ಅಲ್ಲಿ ಮೊದಲ ಸಲ ಮೋಡ ಎದ್ದ ದಿನ ಅಣ್ಣ ಹೊಸ ಆಳುಗಳ ಮುಂದೆ ನನ್ನನ್ನು ಕೇಳಿದ, "ನೋಡಪಾ ತಮ್ಮಾ, ಏನ್ ಮಾಡೂಣು? ಕೆಲಸ ನಿಂದರಸೂಣೇನ?"

ಉತ್ತರ ಅವನಿಗೆ ಗೊತ್ತಿತ್ತು. ಬೇಕಂತಲೇ ನನಗೆ ಬಿಟ್ಟಿದ್ದ.

"ನಿಂದರಸು," ಅಂದೆ. ನನ್ನ ಮಾತಿಗೆ ಇಪ್ಪತ್ತು ಜನ ಕತ್ತರಿ ಇಟ್ಟು ಹೊರಟರು. ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೂ ಹೆಚ್ಚಾಯಿತು. ಹೀಗೆ ಮಾನ ಕೊಡುವ ಬದಲು ಅವನು ಬೈದಿದ್ದರೆ ಚೆನ್ನಾಗಿತ್ತು.