ಮಡೆಪ್ಪನ ರೈಟ್

ಕಂಡಕ್ಟರ್ ಮಡೆಪ್ಪ ಶುದ್ಧ ತಾಳ್ಮೆಗೇಡಿ, ಇನ್ನೊಬ್ಬರ ಕಷ್ಟ ಅವನ ಕಣ್ಣಿಗೆ ಬೀಳುವುದೇ ಇಲ್ಲ ಎಂದು ತಸ್ಲೀಮ ಮೇಡಂ ಮೊದಲ ದಿನವೇ ತೀರ್ಮಾನಿಸಿದ್ದರು. ಬೀದರಿನ ಹೊರಗೆ, ಕೊಳಾರದ ಆಚೆಯ ಬಯಲಿನಲ್ಲಿ, ಕುದುರೆಯ ಜೊತೆ ನಿಲ್ಲಿಸಿ ಮನಸ್ಸಿಗೆ ಚಿಕಿತ್ಸೆ ಕೊಡುವವರು ಅವರು. ಅಲ್ಲಿ ಯಾರೂ ಕುದುರೆ ಹತ್ತುವುದಿಲ್ಲ. ಮೈ ತಿಕ್ಕಬೇಕು, ಹಗ್ಗ ಹಿಡಿದು ಪಕ್ಕದಲ್ಲಿ ನಡೆಯಬೇಕು, ಅದು ನಿಂತರೆ ತಾನೂ ನಿಲ್ಲಬೇಕು. ಮಡೆಪ್ಪ ಭಾಲ್ಕಿಯಿಂದ ಬಂದಿಳಿದವನೇ ಗಡಿಯಾರ ನೋಡುತ್ತಾನೆ. ಆರು ತಿಂಗಳಿಂದ ಡ್ಯೂಟಿಯಿಲ್ಲ, ಆದರೂ ಕಿವಿಯ ಮೇಲೆ ಪೆನ್ನು. ಗುಡಿಯಾ ಎಂಬ ಹೆಣ್ಣು ಕುದುರೆಯ ಬೆನ್ನು ತಟ್ಟಿ, “ಮುಂದ ಸರೀರಿ, ಮುಂದ ಜಾಗಾ ಅದ” ಎನ್ನುತ್ತಾನೆ. ಕುದುರೆ ಕಿವಿ ಹಿಂದಕ್ಕೆ ಮಡಚಿ ನಿಂತಲ್ಲೇ ನಿಲ್ಲುತ್ತದೆ. “ಹತ್ತೂದಿಲ್ಲ, ಓಡಸೂದಿಲ್ಲ, ಇದ್ಯಾವ ಇಲಾಜರಿ ಮೇಡಂ?” “ನೀವು ಗಡಿಬಿಡಿ ಮಾಡಿದ್ರ ಅಕಿ ಹೆಜ್ಜಿ ಎತ್ತೂದಿಲ್ರಿ. ಪೂರಾ ಒಂದು ತಾಸು ನಿಮ್ದೇ ಅದ, ಸುಮ್ನ ನಿಂದರ್ರಿ.” ಅವನು ನಿಲ್ಲುವುದೂ ಸೀಟು ಸಿಗದ ಪ್ರಯಾಣಿಕನ ಹಾಗೆ, ಒಮ್ಮೆ ಈ ಕಾಲು, ಒಮ್ಮೆ ಆ ಕಾಲು. ಆರು ತಿಂಗಳ ಹಿಂದೆ ಔರಾದದ ದಾರಿಯಲ್ಲಿ ಎಕಂಬಾದ ಮುದುಕಿಯೊಬ್ಬಳ ಕಾಲು ಇನ್ನೂ ಬಸ್ಸಿನ ಮೆಟ್ಟಿಲ ಮೇಲಿದ್ದಾಗ ಅವನು “ರೈಟ್” ಎಂದಿದ್ದ. ಬಿದ್ದವಳು ಮತ್ತೆ ಏಳಲಿಲ್ಲ. ಅಂದಿನಿಂದ ಆ ಒಂದು ಮಾತು ಅವನ ಬಾಯಿಂದ ಹೊರಡುವುದಿಲ್ಲ, ಅದಿಲ್ಲದೆ ಕಂಡಕ್ಟರಿಕೆಯೂ ಇಲ್ಲ. ಐದನೆಯ ವಾರ ಗುಡಿಯಾ ತಾನಾಗಿಯೇ ಬಂದು ಅವನ ಭುಜದ ಬಳಿ ನಿಂತಿತು. ಮಡೆಪ್ಪ ಹಗ್ಗ ಹಿಡಿದ, ಎಳೆಯಲಿಲ್ಲ. ಬಗ್ಗಿ, ನಾಲ್ಕೂ ಗೊರಸುಗಳು ನೆಲಕ್ಕೆ ಊರಿವೆಯೇ ಎಂದು ಒಂದೊಂದಾಗಿ ನೋಡಿದ. ಸುತ್ತು ಬಂದು ಇನ್ನೊಮ್ಮೆ ನೋಡಿದ. ಆಮೇಲೆ, ಕುದುರೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ರೈಟ್” ಎಂದ.