ಸದ್ದು ತಗ್ಗಿಸಿ ನೋಡಿದ ಯೇಸುವಿನ ಚಾನೆಲ್ಲು

ಉಗಾರ ಖುರ್ದದ ನಮ್ಮ ಮನೆಯ ಮೇಲೆ ಟೀವಿಯ ಡಿಶ್ ಛತ್ರಿ ಕೂರಿಸಿದ ವರ್ಷವೇ ನನ್ನ ಚೊಚ್ಚಲ ಗಂಡುಮಗು ಹುಟ್ಟಿ ಹನ್ನೊಂದು ದಿನಕ್ಕೆ ತೀರಿಕೊಂಡಿತು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನು ಅಳುತ್ತಲೂ ಇರಲಿಲ್ಲ, ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿ, ಅತ್ತೆ ಒಳಕೋಣೆಯಲ್ಲಿ ಅಡ್ಡಾದ ಮೇಲೆ ಸುಮ್ಮನೆ ರಿಮೋಟು ಒತ್ತುತ್ತ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಬಿಳಿ ಸೀರೆಯ ಹೆಂಗಸೊಬ್ಬಳು ನೇರ ನನ್ನನ್ನೇ ನೋಡುತ್ತ, "ಮಗು ಕಳೆದುಕೊಂಡ ತಾಯಿ ಯಾರಾದರೂ ಕೇಳುತ್ತಿದ್ದರೆ, ಅತ್ತುಬಿಡಮ್ಮಾ" ಎಂದಳು. ಅವಳ ತುಟಿ ಬೇರೆ ಭಾಷೆ ಆಡುತ್ತಿತ್ತು, ಕನ್ನಡ ತುಸು ತಡವಾಗಿ ಬರುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಅಂದಿನಿಂದ ದಿನವೂ ನೋಡತೊಡಗಿದೆ. ಅಂಥ ಯೇಸುವಿನ ಚಾನೆಲ್ಲುಗಳು ಮೂರ್ನಾಲ್ಕಿದ್ದವು. ಮರಾಠಿಯಲ್ಲಿ ತಾಳ ಹಾಕಿ ಹಾಡುತ್ತಿದ್ದರು. ಥೇಟ್ ನಮ್ಮೂರ ಭಜನೆಯೇ, ಹೆಸರು ಮಾತ್ರ ಯೇಸುವಿನದು. ಹಿಂದಿಯಲ್ಲಿ ಕೋಟಿನವನೊಬ್ಬ ಮೈದಾನದ ತುಂಬ ಕೂಗಾಡುತ್ತಿದ್ದ, ಅದು ನನಗೆ ಸೇರುತ್ತಿರಲಿಲ್ಲ. ಮಕ್ಕಳ ಗೊಂಬೆಯಾಟ ಬಂದರೆ ತಟ್ಟನೆ ಬದಲಿಸುತ್ತಿದ್ದೆ. ಒಂದು ದಿನ ಬದಲಿಸದೆ ಪೂರ್ತಿ ನೋಡಿದೆ.

ಕಣ್ಣು ಪರದೆಯ ಮೇಲಿದ್ದರೂ ಕಿವಿ ಗೇಟಿನ ಕಡೆಗೇ. ಬೆರಳು ರಿಮೋಟಿನ ಮೇಲೆ. ಆದರೂ ಸುದ್ದಿ ಹೊರಗೆ ಹೋಯಿತು. ಅಥಣಿಯಿಂದ ಭಾವನವರು, ನನ್ನ ಗಂಡನ ಅಣ್ಣ, ಹೇಳದೆ ಕೇಳದೆ ಬಂದರು. ನಾನು ಟೀವಿ ಆರಿಸುವಷ್ಟರಲ್ಲಿ ಬಾಗಿಲಲ್ಲಿದ್ದರು.

"ಓಣ್ಯಾಗ ಮಂದಿ ಏನ್ ಮಾತಾಡಾಕತ್ತಾರ ಗೊತ್ತೈತೇನ? ನಾಳೆ ಕುಂಕುಮಾನೂ ಅಳಸ್ತೀಯೇನ?"

ಅವರು ಪಾನಾ ಹುಡುಕಿ ತಂದು, ಛತ್ರಿಯ ನಟ್ಟು ಬಿಚ್ಚಲು ಗೋಡೆಗೆ ಏಣಿ ಹಚ್ಚಿದರು. ಎರಡು ಮೆಟ್ಟಿಲು ಹತ್ತಿದ್ದರು. ಅಷ್ಟರಲ್ಲಿ ಅತ್ತೆ ಎದ್ದು ಬಂದು ಏಣಿ ಹಿಡಿದರು.

"ಇಳಿ ಕೆಳಗ."

"ನಿನಗ ತಿಳ್ಯಾಂಗಿಲ್ಲ ಬೇ, ಅವ್ವಾ. ಜಾತಿ ಕೆಡಸ್ತಾಳಿಕಿ."

"ನನಗೆಲ್ಲಾ ತಿಳೀತೈತಿ. ದಿನಾ ಮಲಗಿದಾಂಗ ಮಾಡಿ ನಾನೂ ಕೇಳೇನಿ. 'ಅಳವ್ವಾ' ಅಂತ ನಾವ್ಯಾರರ ಅಂದೀವೇನೋ ಈ ಹುಡುಗೀಗೆ? ಆ ಟೀವ್ಯಾಗಿನಾಕಿ ಅಂದ್ಳು. ಆವತ್ತಿಂದ ಎರಡ ರೊಟ್ಟಿ ಉಣ್ಣಾಕತ್ತಾಳ. ಇಳಿ."

ಭಾವ ಏಣಿಯ ಮೇಲೆಯೇ ನಿಂತರು. ಕೊನೆಗೆ ಇಳಿದು, ಚಹಾ ಕೂಡ ಕುಡಿಯದೆ ಹೊರಟುಹೋದರು. ಮುಂದೆ ನಾಲ್ಕು ತಿಂಗಳು ನಮ್ಮೊಂದಿಗೆ ಮಾತಾಡಲಿಲ್ಲ.

ಪಾಳಿ ಮುಗಿಸಿ ಬಂದ ಗಂಡ ಎಲ್ಲ ಕೇಳಿಸಿಕೊಂಡ. ಆಮೇಲೆ, "ಕೂಸಿನ ಕಾಲಬೆರಳ ನನ್ನಂಗ ಇದ್ದೂ, ಅಲ್ಲ?" ಎಂದ. ಇಬ್ಬರೂ ಅತ್ತೆವು.

ನಾನು ಚರ್ಚಿಗೆ ಹೋಗಲಿಲ್ಲ, ಪರದೆಯ ಮೇಲಿನ ನಂಬರಿಗೆ ಫೋನೂ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಮಾತ್ರ ಅತ್ತೆ ಎಲೆ-ಅಡಿಕೆಯ ಚೀಲ ಹಿಡಿದು ಬಂದು ನನ್ನ ಮಗ್ಗುಲಲ್ಲಿ ಕೂತು, "ಆ ಮರಾಠಿ ಹಾಡಿನ ಚಾನೆಲ್ಲ ಹಚ್ಚ" ಎಂದರು.