ಕಯಾಕಿನಲ್ಲಿ ಬಟ್ಟೆ ಶೂ

ನರಸೀಪುರದ ಹೊಳೆಯಲ್ಲಿ ಕಯಾಕ್ ಎಂಬ ಪುಟ್ಟ ದೋಣಿ ಇಳಿಸಿ ಮೀನು ಹಿಡಿಯುವಾಗ ನಾನು ಬಟ್ಟೆ ಶೂ ಹಾಕುತ್ತೇನೆ. ಅದರಲ್ಲಿ ನೀರು ನಿಲ್ಲುವುದಿಲ್ಲ, ಗಾಳದ ದಾರ ಸಿಕ್ಕಿಕೊಳ್ಳಲು ಲೇಸೂ ಇಲ್ಲ. ಮೀನಿರುವ ಮಡು ತೋರಿಸಲು ಬರುತ್ತಿದ್ದ ಮುದುಕರೊಬ್ಬರಿಗೆ ಅದು ಸರಿಬರಲಿಲ್ಲ.

“ದೋಣಿ ಒಳಕ್ಕೆ ಯಾರಾದ್ರೂ ಮೆಟ್ಟಾಕ್ಕಂಡು ಕಾಲಿಡ್ತಾರಾ ಸಾ? ಹೊಳೆ ಅಂದ್ರೆ ಗಂಗವ್ವ ಕಣ್ರೀ. ಬಿಚ್ಚಿ, ಇಲ್ದಿದ್ರೆ ನಾ ಬರಾಕಿಲ್ಲ.”

ಚಿಕ್ಕಂದಿನಲ್ಲಿ ನಂಜನಗೂಡಿನ ಹೊಳೆಯ ಸೋಪಾನಕಟ್ಟೆಯಲ್ಲಿ ಬಾಟಲಿಯ ಚೂರು ನನ್ನ ಅಂಗಾಲು ಸೀಳಿತ್ತೆಂದು ವಾದಿಸಿದೆ. ಅವರು ಎದ್ದು ಹೋದರು. ಮನೆಯಲ್ಲಿ ಇದನ್ನು ಕೇಳಿ ಅಕ್ಕ ನಕ್ಕಳು.

“ಸೀಳಿದ್ದು ನನ್ನ ಕಾಲು ಕಣೋ. ನೀನು ಮೆಟ್ಟಿಲ ಮೇಲೆ ನಿಂತು ಅಳ್ತಿದ್ದೆ, ಅಷ್ಟೆ.”

ಎರಡೂ ಅಂಗಾಲು ತಿರುಗಿಸಿ ನೋಡಿದೆ. ಗಾಯದ ಗುರುತಿರಲಿಲ್ಲ. ಯಾರ ಕಾಲಾದರೇನು, ಗಾಜಂತೂ ಹೊಳೆಯಲ್ಲಿತ್ತು. ಮರುದಿನ ಶೂ ಹಾಕಿಕೊಂಡು ಒಬ್ಬನೇ ಹೋದೆ. ಒಂದು ಮೀನೂ ಸಿಗಲಿಲ್ಲ. ನಾಳೆಯೂ ಹಾಕಿಕೊಂಡೇ ಹೋಗುತ್ತೇನೆ.